ಹೊಳೆಯ ಎರಡು ದಡ, ಲಾಕ್‌ಡೌನ್ ಮತ್ತು ನಮ್ಮ ಹುಡುಗರ ನಿದ್ದೆ

ರಾಜರ ಕಾಲ, ಯುದ್ಧದ ಇಸವಿ ಪಾಠಪುಸ್ತಕದಲ್ಲಿ ಸಿಗುತ್ತವೆ. ಹದಿನೈದರ ಹುಡುಗ ರಾತ್ರಿ ಎಷ್ಟು ಗಂಟೆಗೆ ಮಲಗಿದ ಅನ್ನುವುದು ಸಿಗುವುದಿಲ್ಲ. 2020ರ ಇತಿಹಾಸ ಬರೆಯುವವರು ಅದನ್ನೂ ಬರೆಯಬೇಕು.

ಮೊದಲು ನಮ್ಮ ಸೀಮೆಯ ಬಗ್ಗೆ ಎರಡು ಮಾತು. ಆದೋನಿ ತಾಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯಿತು. ಗಡಿ ಬದಲಾಯಿತು, ಮಾತು ಬದಲಾಗಲಿಲ್ಲ. ಮಾಧವರಂನಿಂದ ತುಂಗಭದ್ರೆ ದಾಟಿದರೆ ರಾಯಚೂರು ಜಿಲ್ಲೆ. ಬೀಗರು, ನೆಂಟರು ಎರಡೂ ದಡದಲ್ಲಿದ್ದಾರೆ. 2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಲಾಕ್‌ಡೌನ್ ಬಂದಾಗ ಈ ಹೊಳೆ ನಿಜವಾದ ಗಡಿಯಾಯಿತು.

ಹತ್ತನೆಯ ತರಗತಿಯವರ ಕತೆ ನೋಡಿ. ಆಚೆ ದಡದಲ್ಲಿ ಕರ್ನಾಟಕ ಸರಕಾರ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿಯೇ ಬಿಟ್ಟಿತು. ಈಚೆ ದಡದಲ್ಲಿ ಆಂಧ್ರ ಸರಕಾರ ಜೂನ್ 20ರಂದು ಪರೀಕ್ಷೆ ರದ್ದು ಮಾಡಿ ಎಲ್ಲರನ್ನೂ ಪಾಸು ಮಾಡಿತು. 2021ರಲ್ಲೂ ಹಾಗೇ ಆಯಿತು. ಅಲ್ಲಿ ಜುಲೈ 19 ಮತ್ತು 22ರಂದು ಪರೀಕ್ಷೆ, ಇಲ್ಲಿ ರದ್ದು. ಪರೀಕ್ಷೆ ಇಲ್ಲ ಅಂದರೆ ಬೆಳಗಿನ ಜಾವ ಏಳುವುದು ಯಾಕೆ? ಶಾಲೆಯ ಗಂಟೆ ಪಾಠಕ್ಕೆ ಮಾತ್ರ ಬಾರಿಸುವುದಲ್ಲ, ಇಡೀ ಮನೆಯ ಗಡಿಯಾರ ಅದು.

ಹರೆಯದಲ್ಲಿ ದೇಹದ ಒಳಗಡಿಯಾರವೇ ತಡವಾಗಿ ನಡೆಯುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ಬೇಗ ನಿದ್ದೆ ಬಾರದಿದ್ದರೆ ಅದು ಬರೀ ಸೋಮಾರಿತನ ಅಲ್ಲ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ ಶಾಲೆಗಳು ಮುಚ್ಚಿದ್ದಾಗ ಹರೆಯದವರು ಶಾಲಾ ದಿನಗಳಲ್ಲಿ ಸುಮಾರು 75 ನಿಮಿಷ ಹೆಚ್ಚು ಮಲಗಿದರು ಎಂದು ಒಂದು ಅಧ್ಯಯನ ತೋರಿಸಿತು.

ಆದರೆ ಜ್ಯೂರಿಚ್ ಲೆಕ್ಕ ನಮ್ಮ ಹಳ್ಳಿಗೆ ಪೂರಾ ಹೊಂದುವುದಿಲ್ಲ. ಫೋನ್ ಇದ್ದ ಮನೆಯಲ್ಲಿ ಅದು ಹುಡುಗನ ಕೈಗೆ ಬರುತ್ತಿದ್ದುದೇ ಅಪ್ಪ ಕೆಲಸ ಮುಗಿಸಿ ಬಂದ ಮೇಲೆ. ಪಾಠ, ಗೆಳೆಯರ ಮಾತು, ಆಟ ಎಲ್ಲ ರಾತ್ರಿಗೇ. ಫೋನ್ ಇಲ್ಲದ ಮನೆಯ ಮಕ್ಕಳು ಹತ್ತಿ ಬಿಡಿಸಲು ಹೊಲಕ್ಕೆ ಹೋದರು. ಅವರಿಗೆ ನಸುಕಿನಲ್ಲೇ ಎಚ್ಚರ. ಒಂದೇ ಬೆಂಚಿನ ಇಬ್ಬರು ಗೆಳೆಯರಿಗೆ ಎರಡು ಬೇರೆ ರಾತ್ರಿ! ಇನ್ನು ಹೆಣ್ಣುಮಕ್ಕಳಿಗೆ ಗೆಳತಿಯರ ಜೊತೆ ಮನಸ್ಸು ಬಿಚ್ಚಿ ಮಾತಾಡಲು ಇದ್ದ ಜಾಗವೇ ಶಾಲೆ. ಅದು ಮುಚ್ಚಿದ ಮೇಲೆ ಪಾತ್ರೆ, ನೀರು, ತಮ್ಮ ತಂಗಿಯರು, ಅಷ್ಟೇ.

ಹನ್ನೆರಡು ವರ್ಷಕ್ಕೊಮ್ಮೆ ಬರುವ ತುಂಗಭದ್ರಾ ಪುಷ್ಕರವೂ ಆ ವರ್ಷ ನವೆಂಬರ್ 20ರಿಂದ ನಿರ್ಬಂಧಗಳ ನಡುವೆಯೇ ನಡೆಯಿತು. ಅದೇ ನವೆಂಬರ್ 2ರಂದು ಆಂಧ್ರದಲ್ಲಿ ಒಂಬತ್ತು, ಹತ್ತನೆಯ ತರಗತಿಗಳು ಮತ್ತೆ ತೆರೆದಿದ್ದವು. ಬಾಗಿಲು ತೆರೆದ ದಿನಕ್ಕೆ ದಾಖಲೆ ಇದೆ. ಹೊಲದಿಂದ ಬೆಂಚಿಗೆ ಮರಳದವರ ಕತೆಗೆ?

ಆಗ ಹದಿನೈದಾಗಿದ್ದವರು ಈಗ ಇಪ್ಪತ್ತು ದಾಟಿದ್ದಾರೆ. ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ಆ ದಿನಗಳಲ್ಲಿ ಎಷ್ಟು ಗಂಟೆಗೆ ಮಲಗುತ್ತಿದ್ದೆ, ಯಾರ ಜೊತೆ ಮಾತಾಡುತ್ತಿದ್ದೆ ಎಂದು ಕೇಳಿ, ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಅವರು ಮರೆಯುವ ಮುಂಚೆ.