ವಿಶ್ವವಿದ್ಯಾಲಯ ಕ್ರೀಡಾಪಟುಗಳ ಆಹಾರಜ್ಞಾನ ಮತ್ತು ಪೂರಕಗಳ ಬಳಕೆ: ಒಂದು ಸಮೀಕ್ಷೆ

ಕ್ರೀಡಾಪಟುವಿನ ದೇಹಕ್ಕೆ ಯಾವ ಆಹಾರ ಎಷ್ಟು ಬೇಕು ಎಂಬುದು ಒಂದು ಪ್ರಶ್ನೆ. ಆ ತಿಳಿವಳಿಕೆ ಕ್ರೀಡಾಪಟುವಿಗೆ ಎಷ್ಟಿದೆ, ಯಾರಿಂದ ಬಂದಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ವಿಜ್ಞಾನವು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಶೋಧಿಸುತ್ತ ಬಂದಿದ್ದರೆ, ಎರಡನೆಯದು ಅಧ್ಯಯನದ ವಿಷಯವಾದದ್ದು ಕಳೆದ ಕೆಲವು ದಶಕಗಳಲ್ಲಿ ಮಾತ್ರ.

ಸ್ನಾಯುಗಳು ದುಡಿಯುವಾಗ ವ್ಯಯವಾಗುವುದು ಪ್ರೋಟೀನೇ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಪ್ರತಿಪಾದಿಸಿದ್ದನು. 1865ರಲ್ಲಿ ಫಿಕ್ ಮತ್ತು ವಿಸ್ಲಿಸೆನಸ್ ಎಂಬ ವಿಜ್ಞಾನಿಗಳು ಪ್ರೋಟೀನ್ ಇಲ್ಲದ ಆಹಾರ ತಿಂದು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಪರ್ವತವನ್ನೇರಿ, ತಮ್ಮ ಮೂತ್ರದಲ್ಲಿನ ಸಾರಜನಕವನ್ನು ಅಳೆದು, ಆ ಶ್ರಮಕ್ಕೆ ಬೇಕಾದ ಶಕ್ತಿ ಪ್ರೋಟೀನ್ ಒಂದರಿಂದಲೇ ಬಂದಿರಲಾರದೆಂದು ತೋರಿಸಿದರು. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್, ಸೂಜಿಯಿಂದ ಸ್ನಾಯುವಿನ ತುಣುಕು ತೆಗೆದು ಪರೀಕ್ಷಿಸಿ, ಅನ್ನ, ಮುದ್ದೆಗಳಂಥ ಪಿಷ್ಟಾಹಾರದಿಂದ ಸ್ನಾಯುಗಳಲ್ಲಿ ಸಂಗ್ರಹವಾಗುವ ಗ್ಲೈಕೋಜನ್ ದೀರ್ಘ ಶ್ರಮಕ್ಕೆ ಆಧಾರವೆಂಬುದನ್ನು ಸ್ಥಿರಪಡಿಸಿದರು. ಆದರೂ ಪ್ರೋಟೀನೇ ಸರ್ವಸ್ವವೆಂಬ ಹಳೆಯ ನಂಬಿಕೆ ಜಿಮ್‌ಗಳಲ್ಲಿ ಇಂದಿಗೂ ಉಳಿದಿದೆ.

ಭಾರತೀಯ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕೆಂದು ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2020ರಲ್ಲಿ ನಿಗದಿಪಡಿಸಿದೆ. ಕಠಿಣ ತಾಲೀಮು ನಡೆಸುವವರಿಗೆ 1.2ರಿಂದ 2 ಗ್ರಾಂ ಬೇಕೆಂಬುದು 2016ರ ಅಂತರರಾಷ್ಟ್ರೀಯ ನಿಲುವು. ಎಂದರೆ 60 ಕಿಲೋ ತೂಕದ ವಿದ್ಯಾರ್ಥಿಗೆ 72ರಿಂದ 120 ಗ್ರಾಂ. ಬೇಳೆ, ಹುರುಳಿ, ಕಡಲೆಕಾಯಿ, ಹಾಲು, ಮೊಸರು, ಮೊಟ್ಟೆ, ಮೀನುಗಳನ್ನು ಯೋಜಿಸಿ ಉಂಡರೆ ಈ ಅಗತ್ಯದ ಬಹುಪಾಲು ಪುಡಿಯಿಲ್ಲದೆಯೇ ಪೂರೈಸುತ್ತದೆ. ನೂರು ಗ್ರಾಂಗೆ ಮುನ್ನೂರು ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇರುವ ರಾಗಿಯು ಮೂಳೆಗಳಿಗೂ ಒದಗುತ್ತದೆ.

ಜ್ಞಾನವನ್ನು ಅಳೆಯುವ ಪ್ರಯತ್ನಗಳು ಪ್ರಶ್ನಾವಳಿಗಳ ರೂಪ ಪಡೆದವು. 2011ರಲ್ಲಿ ಹೀನಿ ಮತ್ತು ಸಂಗಡಿಗರು ಅಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಜ್ಞಾನಕ್ಕೂ ಊಟದ ಗುಣಮಟ್ಟಕ್ಕೂ ಇರುವ ನಂಟು ದುರ್ಬಲವೆಂದು ಕಂಡುಬಂದಿತು. ಇದು ಗಮನಾರ್ಹ, ಏಕೆಂದರೆ ಹಾಸ್ಟೆಲಿನ ಅಡುಗೆ, ಕೈಯಲ್ಲಿರುವ ಹಣ, ಬೆಳಗಿನ ತಾಲೀಮಿಗೂ ತರಗತಿಗೂ ನಡುವೆ ಸಿಗುವ ಸಮಯ ಇವು ತಿಳಿವಳಿಕೆಯಷ್ಟೇ ಬಲವಾಗಿ ಊಟವನ್ನು ನಿರ್ಧರಿಸುತ್ತವೆ. ಪಾಶ್ಚಾತ್ಯ ಊಟವನ್ನು ಆಧರಿಸಿದ ಪ್ರಶ್ನಾವಳಿಯು ಮುದ್ದೆ ಬಸ್ಸಾರು ಉಣ್ಣುವ ವಿದ್ಯಾರ್ಥಿಯ ತಿಳಿವನ್ನು ಸರಿಯಾಗಿ ಅಳೆಯಲಾರದು ಎಂಬುದೂ ಅಷ್ಟೇ ನಿಜ.

ಪೂರಕಗಳ, ಅಂದರೆ ಊಟದ ಜೊತೆಗೆ ಸೇವಿಸುವ ಪುಡಿ, ಮಾತ್ರೆ, ಪಾನೀಯಗಳ ಅಧ್ಯಯನವು ಪ್ರಯೋಜನದ ಪ್ರಶ್ನೆಯಿಂದ ಅಪಾಯದ ಪ್ರಶ್ನೆಗೆ ಹೊರಳಿತು. 2004ರಲ್ಲಿ ಪ್ರಕಟವಾದ ಜರ್ಮನಿಯ ಸಂಶೋಧನೆಯೊಂದು 13 ದೇಶಗಳ 634 ಪೂರಕಗಳನ್ನು ಪರೀಕ್ಷಿಸಿದಾಗ, 94ರಲ್ಲಿ ಲೇಬಲ್ಲಿನಲ್ಲಿ ನಮೂದಿಸದ ಸ್ಟೆರಾಯ್ಡ್ ಅಂಶಗಳು ಪತ್ತೆಯಾದವು. 2011ರಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಸೇರಿದಂತೆ ಭಾರತದ ಹಲವು ಓಟಗಾರ್ತಿಯರು ಉದ್ದೀಪನ ಮದ್ದು ಪರೀಕ್ಷೆಯಲ್ಲಿ ವಿಫಲರಾದಾಗ, ತರಬೇತುದಾರರು ಕೊಟ್ಟ ಜಿನ್ಸೆಂಗ್ ಪೂರಕವೇ ಕಾರಣವೆಂದು ವಾದಿಸಿದ್ದರು. ಭಾರತದಲ್ಲಿ ವಿಧಿಸಲಾದ ಒಂದು ವರ್ಷದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯು 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು. ದೇಹದಲ್ಲಿ ಪತ್ತೆಯಾದ ವಸ್ತುವಿಗೆ ಕ್ರೀಡಾಪಟುವೇ ಹೊಣೆ ಎಂಬ ನಿಯಮದ ಕಾಠಿಣ್ಯವು ಇದರಿಂದ ನಾಡಿಗೆಲ್ಲ ತಿಳಿಯಿತು. 2024ರಲ್ಲಿ ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದ ಅಧ್ಯಯನವು ಸುಮಾರು ಶೇ. 70ರಷ್ಟರಲ್ಲಿ ಪ್ರೋಟೀನ್ ಪ್ರಮಾಣದ ಲೇಬಲ್ ತಪ್ಪಾಗಿದೆಯೆಂದು ವರದಿ ಮಾಡಿತು.

ಕ್ರಿಯೇಟಿನ್, ಕೆಫೀನ್‌ನಂಥ ಕೆಲವೇ ಪೂರಕಗಳಿಗೆ ಗಟ್ಟಿಯಾದ ಪುರಾವೆಯಿದೆಯೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2018ರಲ್ಲಿ ಹೇಳಿದೆ. ಆದರೆ ಬೆಂಗಳೂರಿನ ಕಲ್ಯಾಣ ನಗರ, ಕಮ್ಮನಹಳ್ಳಿ, ಇಂದಿರಾನಗರಗಳ ಜಿಮ್‌ಗಳಲ್ಲಿ ಬೆವರು ಸುರಿಸುವ ವಿದ್ಯಾರ್ಥಿಗೆ ಆ ವಿವೇಚನೆಯನ್ನು ಹೇಳಿಕೊಡುವವರು ವಿರಳ. ಈ ನಗರದಲ್ಲಿ ಇದಕ್ಕೆ ಬೇಕಾದ ವಿದ್ಯೆಯ ಕೊರತೆಯಿಲ್ಲ: ಜ್ಞಾನಭಾರತಿ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರೋಟೀನ್ ಅಗತ್ಯದ ಬಗ್ಗೆ ಮಹತ್ವದ ಸಂಶೋಧನೆ ನಡೆದಿದೆ, ಮೌಂಟ್ ಕಾರ್ಮೆಲ್‌ನಂಥ ಕಾಲೇಜುಗಳು ಪೋಷಣಾಶಾಸ್ತ್ರವನ್ನು ಕಲಿಸುತ್ತಿವೆ. 2022ರಲ್ಲಿ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಈ ನಗರದಲ್ಲೇ ನಡೆಯಿತು. ಪೋಷಣಾಶಾಸ್ತ್ರ ವಿಭಾಗವೂ ದೈಹಿಕ ಶಿಕ್ಷಣ ನಿರ್ದೇಶಕರೂ ಜೊತೆಗೂಡಿ ಹಾಸ್ಟೆಲಿನ ಊಟದ ಪಟ್ಟಿಯನ್ನು ರೂಪಿಸಿ, ಪೂರಕ ಕೊಳ್ಳುವ ಮುನ್ನ ವಿದ್ಯಾರ್ಥಿ ವಿಚಾರಿಸಲು ಒಬ್ಬ ಆಹಾರತಜ್ಞರನ್ನು ಒದಗಿಸುವುದು ಮುಂದಿನ ಹೆಜ್ಜೆಯಾಗಬೇಕು. ತಪ್ಪಿನ ಹೊಣೆಯನ್ನು ಪೂರ್ತಿಯಾಗಿ ವಿದ್ಯಾರ್ಥಿಯ ಮೇಲೆ ಹೊರಿಸುವ ವ್ಯವಸ್ಥೆಯು, ತಪ್ಪದಂತೆ ನಡೆಯಲು ಬೇಕಾದ ತಿಳಿವನ್ನು ಅದಕ್ಕೂ ಮೊದಲೇ ಕೊಟ್ಟಿರಬೇಕಾದುದು ನ್ಯಾಯ.