ಗಣಿಗೆ ಕರೆಂಟು ಬಂದಾಗ, ಎದೆಯ ಕರೆಂಟು ಕಂಡಾಗ

ಕೆಜಿಎಫ್ ಅಂದ್ರೆ ನಿಮಗೆ ಮೊದಲು ಯಶ್ ನೆನಪಾಗ್ತಾರೆ, ಇರಲಿ. ಇವತ್ತು ನಾನು ಹೇಳೋದು ಎದೆಬಡಿತದ ಕಥೆ. ಆದರೂ ಶುರು ಮಾಡೋದು ನಮ್ಮ ರಾಬರ್ಟ್‌ಸನ್‌ಪೇಟೆ ಕಡೆಯಿಂದಲೇ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇಲ್ಲಿನ ಚಿನ್ನದ ಗಣಿಗೆ ವಿದ್ಯುತ್ ತಂದರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಹಾಲೆಂಡಿನ ಲೈಡನ್‌ನಲ್ಲಿ ವಿಲೆಮ್ ಐಂತೋವನ್ ಅನ್ನೋ ವಿಜ್ಞಾನಿ, ಮನುಷ್ಯನ ಹೃದಯದ ಅತಿ ಸಣ್ಣ ವಿದ್ಯುತ್ತನ್ನು ದಾಖಲಿಸ್ತಾ ಇದ್ದರು. ಇವತ್ತಿನ ಇಸಿಜಿಗೆ ಅದೇ ಬುನಾದಿ. ಯಂತ್ರದ ತೂಕ ಸುಮಾರು 270 ಕಿಲೋ, ನಡೆಸೋಕೆ ಐದು ಜನ. ರೋಗಿ ಕೈಕಾಲನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಕೂರಬೇಕಿತ್ತು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಈಗ ಅದೇ ಕೆಲಸ ಮಣಿಕಟ್ಟಿನ ಮೇಲಿನ ವಾಚ್ ಮಾಡುತ್ತೆ.

ನಮ್ಮೂರಿಗೆ ಸಾಮೂಹಿಕ ತಪಾಸಣೆ ಹೊಸದೇನಲ್ಲ. ಭಾರತದಲ್ಲಿ ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳು ಶ್ವಾಸಕೋಶ ತಿನ್ನೋ ಕಾಯಿಲೆ, ಮೊದಲು ವರದಿಯಾಗಿದ್ದೇ 1934ರಲ್ಲಿ, ಈ ಗಣಿಯಿಂದ. 1940ರಲ್ಲಿ ಮೈಸೂರು ಸರ್ಕಾರ ನಿಯಮ ತಂದು, ಇದನ್ನು ವರದಿ ಮಾಡಲೇಬೇಕು ಅಂತ ಮಾಡಿತು. ಕಾರ್ಮಿಕರ ಎದೆಯ ಎಕ್ಸ್‌ರೇ ತೆಗೆದರು. ಆ ತಪಾಸಣೆ ಕೆಲಸ ಮಾಡೋ ಜಾಗಕ್ಕೇ ಬಂದಿತ್ತು, ಅದರ ಹಿಂದೆ ಪರಿಹಾರದ ಕಾನೂನೂ ಇತ್ತು. ನನಗೆ ಮುಖ್ಯ ಅನ್ನಿಸೋದು ಅದು.

ಈಗ ವಾಚಿಗೆ ಬರೋಣ. ಆಪಲ್ ಹಾರ್ಟ್ ಸ್ಟಡಿಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸೇರಿದರು, ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಬಡಿತ ಸರಿಯಿಲ್ಲ ಅಂತ ಸೂಚನೆ ಬಂದಿದ್ದು ಕೇವಲ 0.52% ಜನಕ್ಕೆ. 65 ದಾಟಿದವರಲ್ಲಿ ಮಾತ್ರ ಅದು ಸುಮಾರು 3%. ಸೂಚನೆ ಬಂದ ಮೇಲೆ ಎದೆಗೆ ಪ್ಯಾಚ್ ಹಾಕಿಕೊಂಡು ವಾಪಸ್ ಕಳಿಸಿದವರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಸಿಕ್ಕಿದ್ದು 34% ಜನಕ್ಕೆ. ಈ ತಾಳತಪ್ಪಿದ ಬಡಿತ ಪಾರ್ಶ್ವವಾಯುವಿನ ಅಪಾಯವನ್ನು ಸುಮಾರು ಐದು ಪಟ್ಟು ಏರಿಸುತ್ತೆ, ಎಷ್ಟೋ ಸಲ ಯಾವ ಸುಳಿವೂ ಕೊಡಲ್ಲ.

ಲೆಕ್ಕ ಉಲ್ಟಾ ಆಗೋದು ಇಲ್ಲೇ. ವಾಚ್ ಇರೋದು ಮಾರಿಕುಪ್ಪಂನಿಂದ ಬೆಳಗ್ಗೆ ಟ್ರೇನ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋ ಹುಡುಗರ ಕೈಯಲ್ಲಿ. ಅಪಾಯ ಇರೋದು ಮನೆಯಲ್ಲಿ ಕೂತ ಅಪ್ಪನಿಗೆ, ತಾತನಿಗೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ನಲವತ್ತು ದಾಟಿದ್ದವರು ಈಗ 65ರ ಆಸುಪಾಸು, ಇಲ್ಲಾ ಅದಕ್ಕೂ ಮೇಲೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇಸಿಜಿಯನ್ನು ತಾಲ್ಲೂಕು ಮಟ್ಟದ ಆಸ್ಪತ್ರೆಗಳಿಗೆ ಹತ್ತಿರ ತಂದಿದೆ, ಒಳ್ಳೇದೇ. ಆದರೆ ಅದರ ಗುರಿ ಹೃದಯಾಘಾತ, ಎದೆ ನೋವು ಅಂತ ಬಂದವರು. ನೋವೇ ಇಲ್ಲದವರನ್ನು ಯಾರು ನೋಡ್ತಾರೆ?

ಸದ್ಯಕ್ಕೆ ನೀವೇ. ಮನೆಯ ಹಿರಿಯರ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ನೋಡಿ. ತಾಳ ಕ್ರಮವಿಲ್ಲದೆ ತಪ್ಪುತ್ತಿದ್ದರೆ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಆ ಹೊತ್ತಿಗೆ ಅದು ಸರಿಯಾಗೇ ಬರಬಹುದು, ಯಾಕಂದ್ರೆ ಈ ಬಡಿತ ಬಂದು ಹೋಗ್ತಿರುತ್ತೆ. ಆಗ 24 ಗಂಟೆಯ ಹೋಲ್ಟರ್ ಬೇಕಾ ಅಂತ ಡಾಕ್ಟರನ್ನು ಕೇಳಿ.