ಕ್ಲೀಡಿಯಾನ್ ಕದನ

ಬೈಜಾಂಟಿಯಂ ಚಕ್ರವರ್ತಿ 2ನೆಯ ಬೆಸಿಲ್ ಮತ್ತು ಬಲ್ಗೇರಿಯದ ದೊರೆ ಸ್ಯಾಮುಯಿಲ್ ಇವರ ಸೇನೆಗಳ ನಡುವೆ 1014ರ ಜುಲೈ 29ರಂದು ನಿರ್ಣಾಯಕ ಹಂತ ಮುಟ್ಟಿದ ಕದನ. ಈಗಿನ ಬಲ್ಗೇರಿಯದ ನೈಋತ್ಯ ಅಂಚಿನಲ್ಲಿ, ಬೆಲಾಸಿತ್ಸ ಮತ್ತು ಒಗ್ರಾಜ್ಡೆನ್ ಪರ್ವತಗಳ ನಡುವಣ ಕಣಿವೆಯಲ್ಲಿ ಇದು ನಡೆಯಿತು. ಬೆಲಾಸಿತ್ಸ ಕದನವೆಂದೂ ಹೆಸರಿದೆ.

ಹಿನ್ನೆಲೆ: 971ರಲ್ಲಿ ಚಕ್ರವರ್ತಿ ಜಾನ್ ಟ್ಸಿಮಿಸ್ಕಿಸ್ ಬಲ್ಗೇರಿಯದ ರಾಜಧಾನಿ ಪ್ರೆಸ್ಲಾವನ್ನು ಗೆದ್ದು, ದೊರೆ 2ನೆಯ ಬೋರಿಸನನ್ನು ಕಾನ್‌ಸ್ಟಾಂಟಿನೋಪಲಿಗೆ ಒಯ್ದ. ಆದರೆ ಪಶ್ಚಿಮದ ಮಲೆನಾಡು ಅವನ ಕೈಗೆ ಸಿಗಲಿಲ್ಲ. ಅಲ್ಲಿ ನಾಲ್ವರು ಸೋದರರು ಪ್ರತಿರೋಧ ಕಟ್ಟಿದರು. ಅವರಲ್ಲಿ ಕೊನೆಗೆ ಅಧಿಕಾರ ಹಿಡಿದವನು ಸ್ಯಾಮುಯಿಲ್. 986ರಲ್ಲಿ ಟ್ರೇಜನನ ದ್ವಾರವೆಂಬ ಕಣಿವೆಯಲ್ಲಿ ಅವನು ತರುಣ ಬೆಸಿಲನ ದಂಡನ್ನು ನುಚ್ಚುನೂರು ಮಾಡಿದ. ಚಕ್ರವರ್ತಿ ಜೀವ ಉಳಿಸಿಕೊಂಡದ್ದೇ ಹೆಚ್ಚು. ಮುಂದೆ ತನ್ನ ನಾಡಿನ ದಂಗೆಗಳನ್ನು ಅಡಗಿಸಿದ ಬೆಸಿಲ್, ಬಲ್ಗೇರಿಯದ ವಿರುದ್ಧ ಮತ್ತೆ ಮತ್ತೆ ದಂಡೆತ್ತಿ ಹೋಗಿ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಳ್ಳತೊಡಗಿದ. 997ರಲ್ಲಿ ಸ್ಪರ್ಖಿಯೋಸ್ ನದಿಯ ಬಳಿ ಸ್ಯಾಮುಯಿಲ್ ಸೋತ ಮೇಲೆ ಯುದ್ಧದ ಗಾಳಿ ಬೈಜಾಂಟಿಯಂ ಕಡೆಗೆ ತಿರುಗಿತು.

ಕದನ: ಬೆಸಿಲನ ಸೇನೆ ಸ್ಟ್ರುಮಿತ್ಸ ನದಿಯ ಬಯಲಿಗೆ ಬರುತ್ತಿದ್ದ ದಾರಿ ಬಲ್ಗೇರಿಯನ್ನರಿಗೆ ಚೆನ್ನಾಗಿ ಗೊತ್ತಿತ್ತು. ಆ ದಾರಿಯ ಇಕ್ಕಟ್ಟಿನಲ್ಲಿ ಸ್ಯಾಮುಯಿಲ್ ಅಡ್ಡಗೋಡೆ ಎಬ್ಬಿಸಿ ಕಾವಲು ಪಡೆ ಇರಿಸಿದ. ವೈರಿಯ ಗಮನ ಬೇರೆಡೆ ಸೆಳೆಯಲು ನೆಸ್ಟೊರಿತ್ಸ ಎಂಬ ಸೇನಾನಿಯನ್ನು ಥೆಸಲೊನೀಕದತ್ತ ಕಳುಹಿಸಿದನಾದರೂ ಅಲ್ಲಿನ ಅಧಿಪತಿ ಥಿಯೊಫಿಲಾಕ್ಟ್ ಬೊಟಾನಿಯೇಟಿಸ್ ಆ ಪಡೆಯನ್ನು ಸೋಲಿಸಿದ.

ಇತ್ತ ಅಡ್ಡಗೋಡೆಯ ಮೇಲೆ ನಡೆದ ದಾಳಿಗಳೆಲ್ಲ ವಿಫಲವಾದವು. ಬೆಸಿಲ್ ಹಿಂದಿರುಗುವ ಯೋಚನೆಯಲ್ಲಿದ್ದಾಗ ಫಿಲಿಪೊಪೊಲಿಸಿನ ಸೇನಾಪತಿ ನೈಸೆಫೊರಸ್ ಕ್ಸಿಫಿಯಾಸ್ ಬೇರೊಂದು ದಾರಿ ಸೂಚಿಸಿದ. ಚಕ್ರವರ್ತಿ ಎದುರಿನಿಂದ ದಾಳಿ ಮುಂದುವರಿಸುತ್ತಿರಲು, ಕ್ಸಿಫಿಯಾಸ್ ಒಂದು ತುಕಡಿಯೊಡನೆ ದುರ್ಗಮವಾದ ಬೆಲಾಸಿತ್ಸವನ್ನು ಬಳಸಿ ಹೋಗಿ ಜುಲೈ 29ರಂದು ಬಲ್ಗೇರಿಯನ್ನರ ಬೆನ್ನ ಮೇಲೆ ಎರಗಿದ. ಕಾವಲುಗಾರರು ಗೋಡೆ ಬಿಟ್ಟು ಚದುರಿದರು. ಹಲವರು ಮಡಿದರು, ಸಾವಿರಾರು ಮಂದಿ ಸೆರೆಸಿಕ್ಕರು. ಸ್ಯಾಮುಯಿಲನ ಮಗ ಗಾವ್ರಿಲ್ ರಾಡೊಮಿರ್ ತಂದೆಯನ್ನು ಕುದುರೆಯೇರಿಸಿ ಪ್ರಿಲೆಪ್ ಕೋಟೆಗೆ ಪಾರುಮಾಡಿದ.

ಸೆರೆಯಾಳುಗಳು: 11ನೆಯ ಶತಮಾನದ ಉತ್ತರಾರ್ಧದಲ್ಲಿ ಬರೆದ ಜಾನ್ ಸ್ಕೈಲಿಟ್ಜಿಸನ ಪ್ರಕಾರ ಬೆಸಿಲ್ 15,000 ಸೆರೆಯಾಳುಗಳ ಕಣ್ಣು ಕೀಳಿಸಿ, ನೂರು ಮಂದಿಗೆ ಒಬ್ಬನಂತೆ ಒಕ್ಕಣ್ಣರನ್ನು ದಾರಿ ತೋರಲು ಉಳಿಸಿ, ಸ್ಯಾಮುಯಿಲನ ಬಳಿಗೆ ಕಳುಹಿಸಿದ. ಅವರನ್ನು ಕಂಡ ದೊರೆ ಕುಸಿದುಬಿದ್ದು ಎರಡು ದಿನಗಳಲ್ಲಿ ತೀರಿಕೊಂಡ. ಅವನ ಮರಣ 1014ರ ಅಕ್ಟೋಬರ್ 6ರಂದು ಸಂಭವಿಸಿತು. ಸರಿಸುಮಾರು ಸ್ಕೈಲಿಟ್ಜಿಸನ ಕಾಲದವನೇ ಆದ ಲೇಖಕ ಕೆಕೌಮೆನೊಸ್ ಸೆರೆಯಾಳುಗಳ ಸಂಖ್ಯೆ 14,000 ಎನ್ನುತ್ತಾನೆ. ಇಷ್ಟು ಯೋಧರನ್ನು ಕಳೆದುಕೊಂಡ ರಾಜ್ಯ ಮತ್ತೆ ನಾಲ್ಕು ವರ್ಷ ಹೋರಾಡಿತೆಂಬುದನ್ನು ಗಮನಿಸಿ, ಈ ಸಂಖ್ಯೆಗಳು ಉತ್ಪ್ರೇಕ್ಷಿತವೆಂದು ಅನೇಕ ಇತಿಹಾಸಕಾರರು ಭಾವಿಸುತ್ತಾರೆ. ಕಣ್ಣು ಕೀಳುವುದು ಆ ಕಾಲದ ಬೈಜಾಂಟಿಯಂನಲ್ಲಿ ರಾಜದ್ರೋಹಿಗಳಿಗೆ ವಿಧಿಸುತ್ತಿದ್ದ ಶಿಕ್ಷೆಯಾಗಿತ್ತು.

ಪರಿಣಾಮ: ಗೆಲುವಿನ ಬೆನ್ನಲ್ಲೇ ಬೈಜಾಂಟಿಯಂ ಪೆಟ್ಟು ತಿಂದಿತು. ಥೆಸಲೊನೀಕದ ದಾರಿ ತೆರವು ಮಾಡಲು ಹೋದ ಬೊಟಾನಿಯೇಟಿಸ್ ಹೊಂಚುದಾಳಿಗೆ ಬಲಿಯಾದ. ಬೆಸಿಲ್ ಹಿಂದೆ ಸರಿಯಬೇಕಾಯಿತು. ಆದರೆ ಸ್ಯಾಮುಯಿಲನ ಮನೆತನ ಒಳಗಿನಿಂದಲೇ ಒಡೆಯಿತು. 1015ರಲ್ಲಿ ಗಾವ್ರಿಲ್ ರಾಡೊಮಿರನನ್ನು ಅವನ ದಾಯಾದಿ ಇವಾನ್ ವ್ಲಾಡಿಸ್ಲಾವ್ ಕೊಂದು ಪಟ್ಟವೇರಿದ. 1018ರಲ್ಲಿ ಅವನೂ ಡಿರಾಕಿಯಂ ಮುತ್ತಿಗೆಯಲ್ಲಿ ಮಡಿದ. ಆಗ ಶ್ರೀಮಂತ ನಾಯಕರು ಒಬ್ಬೊಬ್ಬರಾಗಿ ಶರಣಾದರು. ಬೆಸಿಲ್ ಅವರಿಗೆ ಪದವಿಗಳನ್ನು ಕೊಟ್ಟ, ಧಾನ್ಯ ಮತ್ತು ದ್ರಾಕ್ಷಾರಸದ ರೂಪದಲ್ಲಿ ತೆರಿಗೆ ಕೊಡುವ ಹಳೆಯ ಪದ್ಧತಿಯನ್ನು ಉಳಿಸಿದ, ಓಹ್ರಿಡ್‌ನಲ್ಲಿ ಸ್ವಾಯತ್ತ ಆರ್ಚ್‌ಬಿಷಪ್ ಪೀಠಕ್ಕೆ ಮನ್ನಣೆ ನೀಡಿದ. ಬೈಜಾಂಟಿಯಂ ಆಳ್ವಿಕೆ 1185ರಲ್ಲಿ ಪೀಟರ್ ಮತ್ತು ಅಸೆನ್ ಸೋದರರ ಬಂಡಾಯದವರೆಗೆ ಮುಂದುವರಿಯಿತು.

ಮೌಲ್ಯಮಾಪನ: ಬೆಸಿಲನಿಗೆ ಅಂಟಿಕೊಂಡಿರುವ 'ಬಲ್ಗರ್ ಸಂಹಾರಿ' ಎಂಬ ಬಿರುದು ಪ್ರಚಾರಕ್ಕೆ ಬಂದದ್ದು 12ನೆಯ ಶತಮಾನದ ಕೊನೆಯಲ್ಲಿ, ಬಲ್ಗೇರಿಯನ್ನರು ಮತ್ತೆ ಬಂಡೆದ್ದ ಹೊತ್ತಿನಲ್ಲಿ. ಆ ಬಿರುದೂ ಕುರುಡಾದ ಸೈನ್ಯದ ಕಥೆಯೂ ಸೇರಿ, ಒಂದೇ ದಿನದಲ್ಲಿ ಒಂದು ರಾಜ್ಯ ಮುಗಿದುಹೋಯಿತೆಂಬ ಭಾವನೆಯನ್ನು ಬೆಳೆಸಿವೆ. ಕ್ಲೀಡಿಯಾನ್ ಬಲ್ಗೇರಿಯದ ರಕ್ಷಣೆಯನ್ನು ಮುರಿದದ್ದು ನಿಜ. ಆದರೆ ಯುದ್ಧವನ್ನು ಮುಗಿಸಿದ್ದು ಅರಮನೆಯ ಒಳಜಗಳ ಮತ್ತು ಬೆಸಿಲ್ ಸೋತವರೊಡನೆ ಮಾಡಿಕೊಂಡ ಉದಾರ ಒಪ್ಪಂದ.